ಮೂರನೇ ಬಾಯ್ಲರಿನ ಮುದ್ರೆ

ತುಮಕೂರು
ಬುಧವಾರ, 21 ಜನವರಿ 2026

ಪ್ರೀತಿಯ ಅತ್ತೆ,

ನಿಮ್ಮ ಮುದ್ರೆಯನ್ನು ನಿಮ್ಮ ಪೆಟ್ಟಿಗೆಯಿಂದ ಕದ್ದು, ನೀವು ಪರೀಕ್ಷೆ ಮಾಡದ ಐದು ಬಾಯ್ಲರುಗಳ ಮೇಲೆ ಹೊಡೆದಿದ್ದೇನೆ. ಇದನ್ನು ಮೊದಲ ಸಾಲಿನಲ್ಲೇ ಬರೆಯದಿದ್ದರೆ ಮುಂದೆ ಎಲ್ಲೂ ಬರೆಯುವುದಿಲ್ಲ ಎಂದು ನನಗೆ ಗೊತ್ತು.

ಆಪರೇಷನ್ ಆದ ಕಣ್ಣು ಹೇಗಿದೆ? ಔಷಧಿಯ ಹನಿ ಹೊತ್ತುಹೊತ್ತಿಗೆ ಬೀಳುತ್ತಿದೆಯೇ? ಒಗ್ಗರಣೆ ಹಾಕುವಾಗ ಒಲೆಯ ಮೇಲೆ ಬಗ್ಗಬೇಡಿ. ಡಿಸೆಂಬರಿನ ಆ ಜಗಳದ ನಂತರ ನೀವು ನನ್ನ ಫೋನ್ ತೆಗೆಯುತ್ತಿಲ್ಲ. ತೆಗೆಯಿರಿ ಎನ್ನುವ ಮುಖವೂ ನನಗಿಲ್ಲ. ಇಂದು ಸುಮನಾ ತುಮಕೂರಿಗೆ ಬಂದಿದ್ದಾಳೆ, ಸಂಜೆಗೆ ಕುಣಿಗಲ್‌ಗೆ ವಾಪಸ್. ಅವಳ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ನಿಮ್ಮ ಮಗಳೇ ಓದಿ ಹೇಳಲಿ. ಸುಮನಾ, ಮೊದಲ ಸಾಲಿಗೇ ನಿಲ್ಲಿಸಿ ಅಮ್ಮನ ಮುಖ ನೋಡುತ್ತಿರುತ್ತೀಯ. ಮುಂದೆ ಓದೇ. ಯಾವುದನ್ನೂ ಹಾರಿಸಬೇಡ.

ಇಪ್ಪತ್ತೆರಡು ವರ್ಷ ನೀವು ದುಡಿದ ವರ್ಕ್‌ಶಾಪ್ ಮುಚ್ಚಿದಾಗ ನಾನು ಎಂಟನೇ ಕ್ಲಾಸು. ಹೊರದೇಶದ ಕಂಪನಿಯವರು ಮೊಳದುದ್ದದ ಆ ಪುಟ್ಟ ಉಗಿ ರೈಲುಬಂಡಿಗಳನ್ನು ಇನ್ನು ಮಾಡಿಸುವುದಿಲ್ಲ ಎಂದು ಒಂದು ಕಾಗದ ಬರೆದರು, ಅಷ್ಟೇ. ಬೆಂಕಿ, ನೀರು, ಉಗಿ ಎಲ್ಲವೂ ನಿಜವಾಗಿ ಇದ್ದ ಬಂಡಿಗಳವು. ನೀವು ಬೆಳ್ಳಿ ಬೆಸುಗೆಯ ಕಡ್ಡಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಬಂದಿರಿ. ಆ ದಿನದ ಸಿಟ್ಟು ನನ್ನಲ್ಲಿ ಆರಲೇ ಇಲ್ಲ. ಲೈಬ್ರರಿಯಲ್ಲಿ ಸಿಕ್ಕ ಕಾರ್ಮಿಕ ಹೋರಾಟದ ಕರಪತ್ರಗಳನ್ನೆಲ್ಲ ಓದಿದೆ, ಆಮೇಲೆ ನಾನೇ ಒಂದು ಬರೆದು ವಸಂತನರಸಾಪುರದ ಫ್ಯಾಕ್ಟರಿ ಗೇಟುಗಳಲ್ಲಿ ಹಂಚಿದೆ. ಮಾಲೀಕ ಕೈಬಿಟ್ಟ ಕೆಲಸವನ್ನು ಮಾಡುವ ಕೈಗಳು ಮತ್ತೆ ಎತ್ತಿಕೊಳ್ಳಬಹುದು ಎಂದು ಅದರಲ್ಲಿ ಬರೆದಿದ್ದೆ. ಅದನ್ನು ನಂಬಿ ಬಂದವರು ಇಬ್ಬರೇ. ಹೆಲಿಕಾಪ್ಟರ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಗುಬ್ಬಿಯ ರವಿಕಿರಣ್, ಅವನ ಹಿತ್ತಲಲ್ಲಿ ಪುಟ್ಟ ಹಳಿ ಇದೆ. ಇನ್ನೊಬ್ಬ ಸಾದಿಕ್, ಅವನ ಅಂಗಡಿಯಲ್ಲಿ ಲೇತ್ ಇದೆ. ಬೆಸುಗೆ ನೀವು ಕಲಿಸಿದ್ದು, ಅದು ನನ್ನ ಪಾಲು.

ಹವ್ಯಾಸಕ್ಕೆ ಸೇರಿದ ಮೂವರಿಂದ ಆ ಬಂಡಿಗಳನ್ನು ಮತ್ತೆ ಕಟ್ಟಲು ಆಗುತ್ತದೆಯೇ ಎಂದು ಕೇಳಿದಾಗ ನೀವು ನಕ್ಕುಬಿಟ್ಟಿರಿ. "ನೀವು ಭಾನ್ವಾರ ಭಾನ್ವಾರ ಕೆಲ್ಸ ಮಾಡೋರು ಕಣೇ. ಉಗಿಗೆ ಭಾನ್ವಾರ ಗೊತ್ತಿಲ್ಲ." ನನಗೆ ಮೈಯುರಿಯಿತು. ಅದಕ್ಕೇ, ಪರೀಕ್ಷೆಯಲ್ಲಿ ಗೆದ್ದ ಬಾಯ್ಲರಿಗೆ ನೀವು ಹೊಡೆಯುವ ನಿಮ್ಮ 'ಸಿ' ಮುದ್ರೆಯ ಮೇಲೆ ಬಿದ್ದೆ. ಎಲ್ಲರೂ ಸೇರಿ ಮಾಡಿದ ಬಂಡಿಯ ಮೇಲೆ ಸಿದ್ದಗಂಗಮ್ಮ ಒಬ್ಬರ ಅಕ್ಷರ ಏಕೆ, ಇದು ಜಮೀನ್ದಾರಿಕೆ ಎಂದೆ. ನೀವು ಹೇಳಿದ್ದು ಈಗಲೂ ಕಿವಿಯಲ್ಲಿದೆ: "ಅದು ನನ್ನ ಹೆಸ್ರು ಅಂದ್ಕಂಡಿದೀಯಾ? ಒಡೆದ್ರೆ ಯಾರ್ನ ಬೈಬೇಕು ಅಂತ ಹಾಕಿರೋ ವಿಳಾಸ ಕಣೇ ಅದು." ಮಾರನೆಯ ಬೆಳಿಗ್ಗೆ ಬ್ಯಾಗು ಹಿಡಿದು ಸುಮನಾ ಮನೆಗೆ ಹೊರಟುಬಿಟ್ಟಿರಿ.

ನೀವು ಹೋದ ಮೇಲೆ ಐದೂ ಬಾಯ್ಲರುಗಳಿಗೆ ಬೆಸುಗೆ ಹಾಕಿದೆ. ನೀವು ಹೇಳಿಕೊಟ್ಟ ಹಾಗೇ ಮೊದಲನೆಯದಕ್ಕೆ ನೀರು ತುಂಬಿ, ಕೈಪಂಪಿನಿಂದ ಒತ್ತಡವನ್ನು ಎಂಬತ್ತು ಪೌಂಡಿಗೆ ಏರಿಸಿ, ಇಪ್ಪತ್ತು ನಿಮಿಷ ಗೇಜಿನ ಮುಳ್ಳನ್ನೇ ನೋಡುತ್ತ ಕೂತೆ. ಕದಲಲಿಲ್ಲ. ಎರಡನೆಯದೂ ಹಾಗೇ ನಿಂತಿತು. ಮೂರನೆಯದರಲ್ಲಿ ಮುಳ್ಳು ಎಪ್ಪತ್ತೆರಡಕ್ಕೆ ಇಳಿಯಿತು. ಪಂಪಿನ ವಾಷರು ಸವೆದಿರಬೇಕು ಎಂದುಕೊಂಡೆ. ಹೊಸ ವಾಷರು ಹಾಕಿ ನೋಡಬಹುದಿತ್ತು. ನೋಡಲಿಲ್ಲ. ಏಕೆ ಎಂದು ಈ ಹದಿನೈದು ದಿನ ನನ್ನನ್ನೇ ಕೇಳಿಕೊಂಡಿದ್ದೇನೆ. ಹೊಸ ವಾಷರಿನಲ್ಲೂ ಮುಳ್ಳು ಇಳಿದರೆ ನಿಮ್ಮ ಮಾತು ನಿಜವಾಗುತ್ತಿತ್ತು. ನಾಲ್ಕು ಮತ್ತು ಐದನೆಯದನ್ನು ಪಂಪಿಗೆ ಜೋಡಿಸಲೇ ಇಲ್ಲ.

ಬಂಡಿ ಕೊಳ್ಳಲು ಬಂದ ಮೊದಲನೆಯವರು ಬೆಳ್ಳಾವಿಯ ಕದರಯ್ಯ, ರಿಟೈರಾದ ಡ್ರಾಯಿಂಗ್ ಮೇಷ್ಟ್ರು. ಹಳೆಯ ಬಂಡಿಗಳನ್ನು ಬಲ್ಲವರು. ಅವರು ಬಂಡಿಯ ಬಣ್ಣ ನೋಡಲಿಲ್ಲ, ಚಕ್ರ ನೋಡಲಿಲ್ಲ. ಮಗುಚಿ ಬಾಯ್ಲರಿನ ಹೊಟ್ಟೆ ನೋಡಿ, "ಸಿ ಎಲ್ಲಮ್ಮಾ? ಸಿ ಇಲ್ದಿದ್ರೆ ನಂಗೆ ಬ್ಯಾಡ" ಎಂದರು. ನಾಳೆ ಬನ್ನಿ ಎಂದು ಕಳಿಸಿದೆ. ಆ ಮಧ್ಯಾಹ್ನ ನಿಮ್ಮ ಪೆಟ್ಟಿಗೆ ತೆಗೆದೆ. ಮುದ್ರೆ ಜಮೀನ್ದಾರಿಕೆ ಎಂದವಳೇ ಐದು ಸಲ ಸುತ್ತಿಗೆ ಹೊಡೆದೆ ಅತ್ತೆ. ಅಕ್ಷರ ಎಷ್ಟು ಚೆನ್ನಾಗಿ ಮೂಡಿತೆಂದರೆ ನನಗೇ ಒಂದು ಗಳಿಗೆ ನಂಬಿಕೆ ಬಂತು.

ಅವರು ಆರಿಸಿಕೊಂಡು ಹೋದದ್ದು ಮೂರನೆಯದನ್ನು. ಕಳೆದ ಶನಿವಾರ ಫೋನ್ ಮಾಡಿ ಖುಷಿಯಿಂದ ಹೇಳಿದರು: "ಬೆಸುಗೆ ಹತ್ರ ಸಣ್ಣಗೆ ಬೆವರ್ತದೆ ಕಣಮ್ಮ, ಜೀವ ಇದ್ದಂಗೆ! ಮೊಮ್ಮಗಳಂತೂ ಮೂಗು ತಾಗ್ಸ್ಕೊಂಡು ನೋಡ್ತಾ ಕೂತವ್ಳೆ." ಅದು ಜೀವವಲ್ಲ, ಬೆಸುಗೆ ಬಿಡುತ್ತಿದೆ ಎಂದೆ. ಬೆಂಕಿ ಆರಿಸಿ ಎಂದೆ. ಅವರು ನಕ್ಕರು. "ಸಿದ್ದಗಂಗಮ್ನೋರ ಮುದ್ರೆ ಇರ್ವಾಗ ನಂಗೇನ್ ಭಯ?"

ಅಂದೇ ರವಿಕಿರಣ್‌ಗೂ ಸಾದಿಕ್‌ಗೂ ಎಲ್ಲ ಹೇಳಿದೆ. ಸಾದಿಕ್, "ನಮ್ಗೆ ಭಾಷ್ಣ, ನಿಂಗೆ ಸುತ್ತಿಗೆ, ಅಲ್ವೇನಮ್ಮ ಲೀಡ್ರೇ?" ಎಂದ. ಅವನು ಬೈದಿದ್ದರೆ ಸಹಿಸಬಹುದಿತ್ತು. ಉಳಿದ ನಾಲ್ಕು ಬಾಯ್ಲರುಗಳನ್ನು ಸಾದಿಕ್ ಅಂಗಡಿಯ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇವೆ.

ಹವ್ಯಾಸಿಗಳಿಂದ ಆಗುತ್ತದೆಯೇ ಎಂಬ ಪ್ರಶ್ನೆಗೆ ಈಗಲೂ ನನ್ನ ಉತ್ತರ ಆಗುತ್ತದೆ ಎಂದೇ. ಸಾದಿಕ್ ಕಡೆದ ಸಿಲಿಂಡರು ನೋಡಿದರೆ ನೀವೂ ಒಪ್ಪುತ್ತೀರಿ. ಆದರೆ ಚೆನ್ನಾಗಿ ಕಾಣುವ ಬಂಡಿಯ ಮುಂದೆ ಕೂತು, ಕೊಳ್ಳುವವನು ಬಾಗಿಲಲ್ಲಿ ನಿಂತಿರುವಾಗಲೂ "ಇದು ಹೋಗ್ಬಾರ್ದು" ಎನ್ನುವವರು ನಮ್ಮಲ್ಲಿ ಯಾರೂ ಇರಲಿಲ್ಲ. ಅದನ್ನು ನಾನು ಓದಿದ ಯಾವ ಕರಪತ್ರವೂ ಹೇಳಿರಲಿಲ್ಲ. ನೀವು ಹೇಳಿದ್ದಿರಿ, ನಾನು ಕೇಳಲಿಲ್ಲ.

ಕ್ಷಮಿಸಿ ಎಂದು ಬರೆಯಲು ನಾಚಿಕೆಯಾಗುತ್ತಿದೆ. ಕಣ್ಣು ಬೇಗ ತಿಳಿಯಾಗಲಿ. ಭಾವನವರಿಗೆ ನನ್ನ ನಮಸ್ಕಾರ. ಅಪ್ಪ ನಿಮ್ಮನ್ನು ದಿನಾ ಕೇಳುತ್ತಾರೆ.

ನಿಮ್ಮ ಕಾಲಿಗೆ ಬೀಳುವ,
ಹೇಮಶ್ರೀ

ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬಾರದೆ ಬಿಟ್ಟದ್ದು: ಮೂರನೇ ಬಾಯ್ಲರು ಇನ್ನೂ ಕದರಯ್ಯನವರ ಮನೆಯಲ್ಲೇ ಇದೆ. ನಿನ್ನೆ ಹೋಗಿ ಬೇಡಿಕೊಂಡೆ, ಕಾಲು ಹಿಡಿಯುವುದೊಂದು ಬಾಕಿ. ಹಣ ವಾಪಸ್ ಇಟ್ಟರೂ ಮುಟ್ಟಲಿಲ್ಲ. ಹೋದ ವಾರ ಆ ಬಂಡಿಯನ್ನು ಎಕ್ಸಿಬಿಷನ್‌ಗೆ ಕೊಡಿ ಎಂದು ರವಿಕಿರಣ್ ಕೇಳಿದ್ದನಂತೆ, ಅದಕ್ಕೇ ನಮಗೆ ಯಾರೋ ಹೆಚ್ಚಿಗೆ ಕೊಡುವವರು ಸಿಕ್ಕಿದ್ದಾರೆ ಎಂದು ಕದರಯ್ಯನವರಿಗೆ ಅನುಮಾನ. ಮುದ್ರೆ ಸುಳ್ಳು ಎಂದು ಅಳುತ್ತಾ ಹೇಳಿದೆ. "ಮುದ್ರೆ ಸುಳ್ಳು ಅಂತೀಯ. ನಿನ್ ಮಾತು ನಿಜ ಅಂತ ಯಾವ್ ಮುದ್ರೆ ನೋಡ್ಲಿ? ಆಯಮ್ಮನೇ ಬಂದು ಹೇಳ್ಲಿ, ಕೊಡ್ತೀನಿ" ಎಂದರು. ಫೋನಿನಲ್ಲಿ ಹೇಳಿದರೆ ಅದೂ ನಾಟಕ ಎನ್ನುತ್ತಾರೆ. ಈ ಭಾನುವಾರ ಹನ್ನೊಂದು ಗಂಟೆಗೆ ಮೊಮ್ಮಗಳ ಹುಟ್ಟುಹಬ್ಬಕ್ಕೆ ಬೀದಿಯ ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡು ಬಂಡಿ ಓಡಿಸುತ್ತಾರೆ. ನನ್ನ ಜೊತೆ ಮಾತಾಡಬೇಡಿ, ದಾರಿಯುದ್ದಕ್ಕೂ ಆ ಕಡೆ ಮುಖ ಮಾಡಿ ಕೂತುಕೊಳ್ಳಿ, ಆದರೆ ಬನ್ನಿ. ಭಾನುವಾರ, ಇಪ್ಪತ್ತೈದನೇ ತಾರೀಖು, ಬೆಳಿಗ್ಗೆ ಏಳು ಗಂಟೆಗೆ ಸಾದಿಕ್‌ನ ಓಮ್ನಿಯಲ್ಲಿ ಕುಣಿಗಲ್‌ಗೆ, ನಿಮ್ಮ ಬಾಗಿಲಿಗೆ ಬರುತ್ತೇನೆ.