ಕಿವಿಯ ಸೀಸೆಯಿಂದ ನೀವು ಬಿಚ್ಚಿಸಿದ ಬಟ್ಟೆಚೂರು

ಮಾನ್ಯ ಆಸ್ಪತ್ರೆ ಆಡಳಿತಾಧಿಕಾರಿಗಳೇ,

ಕಳೆದ ಸೋಮವಾರ ಸಂಜೆ ನಿಮ್ಮ ಕಣ್ಣು-ಕಿವಿ ವಾರ್ಡಿನಲ್ಲಿ, ಶಸ್ತ್ರಚಿಕಿತ್ಸೆಯಾಗಿದ್ದ ನನ್ನ ಅಕ್ಕನ ಕಣ್ಣಿಗೆ ಕಿವಿಯ ಔಷಧ ಬಿತ್ತು. ಮರುದಿನ, ಅದನ್ನು ಹಾಕಿದ ನರ್ಸನ್ನು ನೀವು ಅಮಾನತು ಮಾಡಿದಿರಿ. ಮೊದಲನೆಯದು ತಪ್ಪು, ಎರಡನೆಯದು ಅನ್ಯಾಯ. ನಾನು ಬರೆಯುತ್ತಿರುವುದು ಎರಡನೆಯದರ ಬಗ್ಗೆ.

ಎರಡೂ ಔಷಧ ಒಂದೇ ಕಂಪನಿಯವು. ಒಂದೇ ಬಿಳಿ ಸೀಸೆ, ಒಂದೇ ನೀಲಿ ಚೀಟಿ. ಇಂಗ್ಲಿಷಿನಲ್ಲಿ ಒಂದರ ಮೇಲೆ ‘ಆಪ್ಟಿಕ್’, ಅಂದರೆ ಕಣ್ಣಿನದು. ಇನ್ನೊಂದರ ಮೇಲೆ ‘ಓಟಿಕ್’, ಅಂದರೆ ಕಿವಿಯದು. ನಡುವೆ ‘ಪಿ’ ಎಂಬ ಒಂದೇ ಇಂಗ್ಲಿಷ್ ಅಕ್ಷರದ ವ್ಯತ್ಯಾಸ, ಅದೂ ಸಾಸಿವೆ ಗಾತ್ರದ್ದು. ಅದಕ್ಕೇ ಆ ವಾರ್ಡಿನಲ್ಲೊಂದು ಪದ್ಧತಿಯಿತ್ತು: ಕಿವಿಯ ಸೀಸೆಯ ಕೊರಳಿಗೆ ಬ್ಯಾಂಡೇಜ್ ಬಟ್ಟೆಯ ಚೂರು ಕಟ್ಟುವುದು. ಓದುವ ಮೊದಲೇ ಬೆರಳಿಗೆ ತಿಳಿಯುತ್ತಿತ್ತು. ನನ್ನ ತಂದೆಯ ಕಿವಿಗೆ ಅಲ್ಲಿ ಚಿಕಿತ್ಸೆಯಾದಾಗ ನಾನಿನ್ನೂ ಕಾಲೇಜಿನಲ್ಲಿದ್ದೆ. ಆಗಲೂ ಹಾಗೇ ಇತ್ತು.

ಕಳೆದ ತಿಂಗಳು ತಪಾಸಣೆಗೆ ಬಂದ ನಿಮಗೆ ಆ ಚೂರುಗಳು ಗಲೀಜಾಗಿ ಕಂಡವು. ಬಿಚ್ಚಿಸಿದಿರಿ. ಇದೇ ನರ್ಸು, “ಸರ್, ಇದಿಲ್ದಿದ್ರೆ ಅದಲುಬದಲಾಗುತ್ತೆ” ಎಂದರು. “ಇಂಗ್ಲಿಷ್ ಓದೋಕೆ ಬರಲ್ವೇನಮ್ಮ?” ಎಂದಿರಿ. ಇಡೀ ವಾರ್ಡು ಕೇಳಿಸಿಕೊಂಡಿದೆ, ಕಿವಿಯ ರೋಗಿಗಳೂ ಸೇರಿ.

ಓದಲು ಬರುತ್ತದೆ, ಸ್ವಾಮಿ. ನಿಂತು ಓದಲು ಪುರುಸೊತ್ತೆಲ್ಲಿ? ಸೋಮವಾರ ಇಡೀ ವಾರ್ಡಿಗೆ ಅವರೊಬ್ಬರನ್ನೇ ಬಿಟ್ಟು, ಉಳಿದವರನ್ನು ಮಹಡಿಗೆ ಕರೆಸಿಕೊಂಡದ್ದು ಯಾವುದಕ್ಕೆ? ಒಂದೇ ಥರ ಕಾಣುವ ಇಂಗ್ಲಿಷ್ ಪದಗಳನ್ನು ಗುರುತಿಸುವ ತರಬೇತಿಗೆ. ಮರಳುಗಾಡಿನ ‘ಡೆಸರ್ಟ್’ಗೂ ಊಟದ ಕೊನೆಯ ಸಿಹಿಯ ‘ಡಿಸರ್ಟ್’ಗೂ ಇರುವ ಅಂತರವನ್ನು ಉಳಿದ ನರ್ಸುಗಳು ಮೇಲೆ ಬಾಯಿಪಾಠ ಮಾಡುತ್ತಿದ್ದಾಗ, ಕೆಳಗೆ ಅಕ್ಕ ಉರಿ ತಾಳದೆ ಕೂಗುತ್ತಿದ್ದಳು. ಓಡಿಬಂದು ಕಣ್ಣು ತೊಳೆದವರು, ಡಾಕ್ಟರನ್ನು ಕರೆದು “ನನ್ನಿಂದ ತಪ್ಪಾಯ್ತು” ಎಂದವರು ಅದೇ ನರ್ಸು. ಅವರು ಸುಮ್ಮನಿದ್ದಿದ್ದರೆ ಕೆಲಸವೂ ಉಳಿಯುತ್ತಿತ್ತು, ಅಲ್ಲವೇ?

ಅಕ್ಕನಿಗೆ ಈಗ ಎಲ್ಲ ಮಂಜುಮಂಜು. ಸರಿಹೋಗುತ್ತದಂತೆ. ನಿನ್ನೆ ಬೇರೊಬ್ಬರು ಔಷಧ ಹಾಕಲು ಬಂದಾಗ ಮುಖ ತಿರುಗಿಸಿಕೊಂಡಳು. ನಾನು ಗದರಿದೆ.

“ನೀನು ಸುಮ್ನಿರೋ. ತಪ್ಪಾಯ್ತು ಅಂತ ಬಾಯಿಬಿಟ್ಟು ಹೇಳಿದೋರ ಕೈಲಾದ್ರೆ ಹಾಕಿಸ್ಕೋತೀನಿ. ಅವರಿಗೇ ಹೀಗಾದ್ಮೇಲೆ, ಇನ್ನು ಇಲ್ಲಿ ಯಾರು ಹೇಳ್ತಾರೆ?”

ಅಕ್ಕನ ಪ್ರಶ್ನೆಗೆ ಉತ್ತರ ನಿಮ್ಮಲ್ಲಿರಬೇಕು. ಆ ನರ್ಸನ್ನು ವಾಪಸು ಕರೆಸಿ, ಬಟ್ಟೆ ಕಟ್ಟಲು ಬಿಡಿ. ಹಾಕಿದವರಿಗೆ ಅಮಾನತಾದರೆ ಬಿಚ್ಚಿಸಿದವರಿಗೆ ಏನು ಎಂಬುದನ್ನು ಈ ಪತ್ರ ಅಚ್ಚಾಗುವ ಪತ್ರಿಕೆಯಲ್ಲೇ, ಎಲ್ಲರೂ ಓದುವಂತೆ, ನಿಮ್ಮ ಸಹಿ ಹಾಕಿ ತಿಳಿಸಿ.

ಇಂತಿ,
ವಾರ್ಡಿನ ಹೊರಗಿನ ಬೆಂಚು ಸವೆಸುತ್ತಿರುವ,
ರೋಗಿಯ ತಮ್ಮ