ಕ್ಲಚ್ಚಿನ ಕೆಳಗಿದ್ದದ್ದು

ಪುಣೆ, ೧೨-೩-೧೯೭೮

ನಮ್ಮ ವಾಸಂತಿಯ ಅಪ್ಪನವರಿಗೆ ಭಾಮಾಳ ನಮಸ್ಕಾರ.

“ಕ್ಲಚ್ ನೀನ ಕೆಡಿಸೀದಿ, ನಾ ಬರೂತನಕಾ ಕಾರ ಮುಟ್ಟಬ್ಯಾಡ” ಎಂದು ಬೈದು ದೌಂಡಿಗೆ ರೈಲ್ವೆ ಡ್ಯೂಟಿಗೆ ಹೋದಿರಲ್ಲ, ಈಗ ಕೇಳಿರಿ. ಪೆಡಲ್ ಪೂರ್ತಿ ಕೆಳಗಿಳಿಯುತ್ತಿರಲಿಲ್ಲ, ಅದಕ್ಕೇ ಗೇರ್ ಕರಕರ ಎನ್ನುತ್ತಿತ್ತು. ಗ್ಯಾರೇಜಿನವನು ಕ್ಲಚ್ ಪ್ಲೇಟು ಬದಲಿಸಬೇಕೆಂದ. ಅವನು ಬಿಚ್ಚುವ ಮೊದಲು ನಾನೇ ಬಗ್ಗಿ ನೋಡಿದೆ. ಪೆಡಲಿನ ಕೆಳಗೆ ನಿಮ್ಮ ಒಂದು ಚಪ್ಪಲಿ ಸಿಕ್ಕಿಕೊಂಡಿತ್ತು, ಇನ್ನೊಂದು ಸೀಟಿನಡಿ ಇತ್ತು! ಪೂಜೆ ಮಾಡಿದ ಕಾರೆಂದು ಚಪ್ಪಲಿ ಕಳಚಿ ಕಾಲ ಬಳಿ ಇಟ್ಟುಕೊಳ್ಳುವವರು ನೀವು. ಡ್ಯೂಟಿಗೆ ಹೊರಡುವ ಹಿಂದಿನ ದಿನ ಬರಿಗಾಲಲ್ಲೇ ಇಳಿದು ಗುಡಿಗೆ ಹೋಗಿ, ಚಪ್ಪಲಿ ಕಳುವಾಯಿತೆಂದು ಹೂವಿನವಳ ಜೊತೆ ಮರಾಠಿಯಲ್ಲಿ ಜಗಳ ತೆಗೆದವರೂ ನೀವೇ.

ಬರುವ ಭಾನುವಾರ ನಿಮ್ಮನ್ನು ಕರೆತರಲು ದೌಂಡ ಸ್ಟೇಷನ್ನಿಗೆ ನಾನೇ ಕಾರು ಓಡಿಸಿಕೊಂಡು ಬರುತ್ತೇನೆ. ಚಪ್ಪಲಿಗಳನ್ನು ಹಿಂದಿನ ಸೀಟಿನ ಕೆಳಗೆ ಇಟ್ಟಿದ್ದೇನೆ. ನೀವೂ ಹಿಂದೆಯೇ ಕೂತುಕೊಳ್ಳಿ.

ಭಾಮಾ