ಹಕ್ಕಿಗಳಿದ್ದ ಬಿಳೀ ಬಟ್ಟೆ

ಭಾನುವಾರ, ಮಧ್ಯಾಹ್ನ

ತಂಗೀ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಬೈದುಕೋ. ಸ್ಕೇಲು ಇಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ನಗಬೇಡ. ಮೊಮ್ಮಗಳು ತಮ್ಮನನ್ನು ಕರೆದುಕೊಂಡು ಹಾಲಿಗೆ ಹೋಗಿದ್ದಾಳೆ. ಬರುವುದರೊಳಗೆ ಮುಗಿಸಬೇಕು.

ಹೋದ ವಾರ ಅವರ ಸ್ಕೂಲಿಗೆ ರಜಾ ಇತ್ತು. ಇಲ್ಲೊಂದು ಹಳೇ ಗೋದಾಮಿಗೆ ಸುಣ್ಣ ಬಳಿದು ಹೊಸಕಾಲದ ಕಲೆಯ ಮ್ಯೂಸಿಯಂ ಮಾಡಿದ್ದಾರೆ, ಮೂರೇ ಕೋಣೆ. ಅಲ್ಲಿಗೆ ಹೋದೆವು. ಮೊದಲನೆಯದರಲ್ಲಿ ಕುರ್ಚಿಗಳನ್ನು ತಲೆಕೆಳಗಾಗಿ ನೇತುಹಾಕಿದ್ದರು. "ಇದನ್ನ ಮಾಡಿದವರಿಗೆ ಅವರಮ್ಮ ಬೈಲಿಲ್ವಾ ತಾತ?" ಎಂದ ಚಿಕ್ಕವನು. ಅಮ್ಮನ ಬೈಗುಳ ಹೇಗಿರುತ್ತದೆ ಅಂತ ಅವನಿಗೆ ನೆನಪೂ ಇಲ್ಲ.

ಕೊನೆಯ ಕೋಣೆಯಲ್ಲಿ ಗೋಡೆಯಷ್ಟು ದೊಡ್ಡ ಬಿಳೀ ಬಟ್ಟೆ, ಸುತ್ತ ಚೌಕಟ್ಟು, ಅಷ್ಟೇ. ನನಗೆ ರೇಗಿತು. ಕಾವಲಿನ ಹೆಂಗಸನ್ನು ಕರೆದು, "ಏನಮ್ಮಾ, ಬಣ್ಣ ಸಾಲಲಿಲ್ವಾ? ಖಾಲಿ ಬಟ್ಟೆ ತೋರಿಸಿ ಮಕ್ಕಳನ್ನ ಮಂಗ ಮಾಡ್ತೀರಾ?" ಎಂದು ಜೋರು ಮಾಡಿದೆ. ಚಿಕ್ಕವನು ಅಂಗಿ ಜಗ್ಗಿ, "ತಾತ, ಅಷ್ಟೊಂದು ಹಕ್ಕಿ ಇದಾವಲ್ಲ" ಎಂದ.

ತಿಳಿ ಬೂದಿ ಬಣ್ಣದ ಹಕ್ಕಿಗಳು ಇದ್ದವಂತೆ, ಬಟ್ಟೆ ತುಂಬ. ಬಸ್ಸು ಓಡಿಸಿಯೇ ತಲೆ ನೆರೆತವನು ನಾನು, ದಟ್ಟ ಮಂಜಿನಲ್ಲೂ ರಸ್ತೆ ಬಿಟ್ಟವನಲ್ಲ. ಒಂದು ಹಕ್ಕಿಯೂ ಕಾಣಲಿಲ್ಲ.

ಮೊಮ್ಮಗಳು ಮಾತ್ರ ಆಶ್ಚರ್ಯಪಡಲಿಲ್ಲ. ತಮ್ಮನಿಗೆ "ಸುಮ್ನಿರೋ" ಎಂದು ಗದರಿ, ಆ ಹೆಂಗಸಿಗೆ "ನಮ್ಮ ತಾತ ತಮಾಷೆ ಮಾಡ್ತಾರೆ ಆಂಟಿ" ಅಂದಳು. ನನ್ನ ಕೈ ಹಿಡಿದು ಹೊರಟಳು. ಬಾಗಿಲಲ್ಲಿ ಮೆತ್ತಗೆ, "ಮೆಟ್ಟಿಲು" ಅಂದಳು. ರಸ್ತೆ ದಾಟುವಾಗ ಹೆದರಿಕೆಗೆ ಕೈ ಹಿಡಿಯುತ್ತಾಳೆ ಅಂದುಕೊಂಡಿದ್ದೆ. ಇಷ್ಟು ದಿನ ದಾಟಿಸುತ್ತಿದ್ದವಳು ಅವಳು. ಹತ್ತು ವರ್ಷದ ಕೂಸು.

ಮಾರನೆಯ ದಿನ ಒಬ್ಬನೇ ತಡವರಿಸಿಕೊಂಡು ಕಣ್ಣಿನ ಡಾಕ್ಟರ ಹತ್ತಿರ ಹೋದೆ. ನರ ಒಣಗಿದೆಯಂತೆ, ಆಪರೇಷನ್ನಿಂದ ಆಗುವ ಕೆಲಸ ಅಲ್ಲವಂತೆ. ಉಳಿದಿರುವುದೂ ಹೋಗುತ್ತದೆ.

ಮಗಳು ತೀರಿಹೋದಾಗ ಮಕ್ಕಳನ್ನು ನೀನು ಕೇಳಿದೆ, ನಾನು ಕೊಡಲಿಲ್ಲ. ಈಗ ನಾನೇ ಕೇಳುತ್ತಿದ್ದೇನೆ. ಕರೆದುಕೊಂಡು ಹೋಗು. ನಿನ್ನ ಗತಿ ಏನು ಅಂತ ಮಾತ್ರ ಕೇಳಬೇಡ, ನನಗೆ ಸಿಟ್ಟು ಬರುತ್ತದೆ.

ನೀನೂ ಭಾವನೂ ತಣ್ಣಗಿರಿ.

ನಿನ್ನ ಅಣ್ಣ

ಇನ್ನೊಂದು ಮಾತು: ಉತ್ತರ ಬರೆಯಬೇಡ. ಕನ್ನಡಕ ಸರಿಯಿಲ್ಲ ಅಂತ ನೆವ ಹೇಳಿ ಕಾಗದವನ್ನೆಲ್ಲ ಮೊಮ್ಮಗಳ ಕೈಲೇ ಓದಿಸುತ್ತೇನೆ. ಮ್ಯೂಸಿಯಂನಿಂದ ಬಂದ ಮೇಲೆ ಅವಳು, "ಯಾರಿಗೂ ಹೇಳ್ಬೇಡ ತಾತ, ಹೇಳಿದ್ರೆ ನಮ್ಮನ್ನ ನಿನ್ನ ಹತ್ರ ಬಿಡಲ್ಲ" ಅಂತ ನನ್ನಿಂದ ಭಾಷೆ ತೆಗೆದುಕೊಂಡಳು. ಕೊಟ್ಟಿದ್ದೇನೆ. ನೀನೇ ಬಾ.